ಅಕ್ಕಿ ಬಿಟ್ಟೆವು, ಸಿರಿಧಾನ್ಯ ತಂದೆವು, ಶುಗರ್ ಮಾತ್ರ ಇಳಿದಿಲ್ಲ: ಮನೆಯಲ್ಲಿ ಏನು ತಿನ್ನಬೇಕು?

ಓದುಗರ ಪ್ರಶ್ನೆ

ಮೇಡಂ, ನಮ್ಮದು ಹಾಸನ. ಮನೆಯಲ್ಲಿ ನಾಲ್ಕು ಜನ. ನಾನು, ಯಜಮಾನರು, ಪಿಯುಸಿ ಓದುವ ಮಗಳು, ಎಪ್ಪತ್ತು ದಾಟಿದ ಅತ್ತೆ. 2025ರಲ್ಲಿ ನಮ್ಮ ಜಿಲ್ಲೆಯಲ್ಲಿ ಸಣ್ಣ ವಯಸ್ಸಿನವರು ಹೃದಯಾಘಾತದಿಂದ ಹೋದ ಸುದ್ದಿ ದಿನಾ ಬರುತ್ತಿತ್ತಲ್ಲ, ಅದರಿಂದ ಹೆದರಿ ಯಜಮಾನರಿಗೆ ಪರೀಕ್ಷೆ ಮಾಡಿಸಿದೆವು. ಅವರಿಗೆ 47 ವರ್ಷ. ದಿನವಿಡೀ ಕುರ್ಚಿ ಮೇಲೆ ಕೂತು ಮಾಡುವ ಕೆಲಸ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.1 ಬಂತು. ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 210, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 142, ಬಿಪಿ 138/88. ತೂಕ 79 ಕೆಜಿ, ಎತ್ತರ ಐದೂವರೆ ಅಡಿ.

ಮೊಬೈಲಿಗೆ ಬಂದ ವಿಡಿಯೋಗಳನ್ನು ನೋಡಿ ಅಡುಗೆಮನೆ ಪೂರ್ತಿ ಬದಲಾಯಿಸಿದೆ. ಅಕ್ಕಿ, ಗೋಧಿ ನಿಲ್ಲಿಸಿದೆ. ಮೂರು ಹೊತ್ತೂ ಸಿರಿಧಾನ್ಯ. ಸಕ್ಕರೆ ಬದಲು ಬೆಲ್ಲ, ರಿಫೈನ್ಡ್ ಬದಲು ಗಾಣದ ಕೊಬ್ಬರಿ ಎಣ್ಣೆ, ಪುಡಿ ಉಪ್ಪಿನ ಬದಲು ಸೈಂಧವ ಲವಣ. ಹಾಲೂ ಬಿಟ್ಟೆವು. ಬೆಳಿಗ್ಗೆ ಸೊಪ್ಪಿನ ಕಷಾಯ. ದಿನಸಿ ಖರ್ಚು ಹೆಚ್ಚುಕಡಿಮೆ ಎರಡು ಪಟ್ಟಾಯಿತು. ನಾಲ್ಕು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ ಎಚ್‌ಬಿಎ1ಸಿ 6.2! ಎಲ್‌ಡಿಎಲ್ 155. ಮಗಳು ಮನೆ ಊಟ ಮುಟ್ಟಲ್ಲ, ಕಾಲೇಜಿನ ಹತ್ತಿರ ಪಪ್ಸು, ಗೋಬಿ ತಿಂದು ಬರುತ್ತಾಳೆ. ಅವಳ ಹಿಮೋಗ್ಲೋಬಿನ್ 9.8. ಅತ್ತೆ ಶುಗರಿಗೆ ಎರಡು ಥರದ ಮಾತ್ರೆ ತಗೋತಾರೆ. "ನಾವು ಜೀವಮಾನವೆಲ್ಲ ಮುದ್ದೆ ಉಂಡು ಗಟ್ಟಿಯಾಗಿರಲಿಲ್ವಾ? ನಿಮ್ಮದೇನು ಹೊಸ ಆಟ" ಅಂತ ಬೈತಾರೆ. ದಯವಿಟ್ಟು ಹೇಳಿ, ಇಂದಿನ ಕಾಲದಲ್ಲಿ ನಿಜಕ್ಕೂ ಏನು ತಿನ್ನಬೇಕು?

ಉತ್ತರ

ನೀವು ಕೇಳಿರುವುದು ಊಟದ ಬಗ್ಗೆ. ಆದರೆ ಪತ್ರದ ತುಂಬ ಇರುವುದು ಭಯ. ಮೊದಲು ಅದನ್ನು ಮಾತಾಡೋಣ.

2025ರ ಮೇ, ಜೂನ್‌ನಲ್ಲಿ ಹಾಸನದಲ್ಲಿ ಆದ ಸಾವುಗಳ ಸುದ್ದಿ ಕೇಳಿ ಹೆದರದವರೇ ಇಲ್ಲ. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತಿತ್ತು. ಸರ್ಕಾರ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ಬಂದ ಅದರ ವರದಿ, ಹಾಸನದಲ್ಲಿ ಹೃದಯಾಘಾತ ದಿಢೀರನೆ ಏರಿದೆ ಅನ್ನುವುದಕ್ಕೆ ಆಧಾರ ಇಲ್ಲ ಎಂದಿತು. ತೀರಿಕೊಂಡವರಲ್ಲಿ ಹಲವರಿಗೆ ಶುಗರ್, ಬಿಪಿ, ಬೊಜ್ಜು, ಸಿಗರೇಟು, ಮದ್ಯ ಇಂಥ ಕಾರಣಗಳು ಮೊದಲೇ ಇದ್ದವು. ಅಂದರೆ ಹಾಸನದ ನೀರಿನಲ್ಲೋ ಗಾಳಿಯಲ್ಲೋ ಹೊಸ ವಿಷ ಸೇರಿಕೊಂಡಿಲ್ಲ. ದೇಶದ ಎಲ್ಲ ಊರುಗಳಲ್ಲೂ ನಡೆಯುತ್ತಿರುವುದೇ ಇಲ್ಲೂ ನಡೆಯುತ್ತಿದೆ. ಇದು ಸಮಾಧಾನದ ಮಾತೇನಲ್ಲ. ಆದರೆ ಇಂಥ ಕಾರಣಗಳಾದರೆ ನಮ್ಮ ಕೈಯಲ್ಲಿ ಏನಾದರೂ ಮಾಡುವುದಕ್ಕೆ ಸಾಧ್ಯ.

ನಿಮ್ಮ ಯಜಮಾನರ 6.1 ಅನ್ನುವುದು ಶುಗರ್ ಕಾಯಿಲೆ ಅಲ್ಲ. 5.7ರಿಂದ 6.4ರವರೆಗೆ ಅದರ ಹಿಂದಿನ ಮೆಟ್ಟಿಲು. 6.5 ಆದರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನರಿಗೆ ಶುಗರ್ ಇದೆ. ಅದರ ಹಿಂದಿನ ಮೆಟ್ಟಿಲಲ್ಲಿ 13 ಕೋಟಿಗೂ ಹೆಚ್ಚು ಜನ ನಿಂತಿದ್ದಾರೆ. ಈ ಮೆಟ್ಟಿಲಿನಿಂದ ವಾಪಸ್ ಇಳಿಯಬಹುದು. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ತೂಕ ಶೇಕಡಾ 7ರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಕಾಯಿಲೆ ಬರುವ ಸಾಧ್ಯತೆ ಶೇಕಡಾ 58ರಷ್ಟು ಕಡಿಮೆಯಾಯಿತು. ಭಾರತದಲ್ಲೇ ನಡೆದ ಇಂಥದ್ದೊಂದು ಅಧ್ಯಯನದಲ್ಲಿ ಇಳಿಕೆ ಸುಮಾರು ಶೇಕಡಾ 28. ನಿಮ್ಮ ಮನೆಯ ಲೆಕ್ಕಕ್ಕೆ 7 ಅಂದರೆ ಐದೂವರೆ ಕೆಜಿ.

ಈಗ ನಿಮ್ಮ ಅಡುಗೆಮನೆಗೆ ಬರೋಣ. ನೀವು ಮಾಡಿದ ಬದಲಾವಣೆಗಳನ್ನೆಲ್ಲ ಸಾಲಾಗಿ ಬರೆದು ನೋಡಿದೆ. ಎಲ್ಲವೂ ಒಂದು ಪದಾರ್ಥ ತೆಗೆದು ಆ ಜಾಗಕ್ಕೆ ಇನ್ನೊಂದು ಇಟ್ಟ ಬದಲಾವಣೆಗಳೇ. ಅಕ್ಕಿ ಹೋಗಿ ನವಣೆ ಬಂತು, ಸಕ್ಕರೆ ಹೋಗಿ ಬೆಲ್ಲ ಬಂತು. ತಟ್ಟೆಯಲ್ಲಿ ಯಾವುದು ಎಷ್ಟು ಅನ್ನುವುದು ಮಾತ್ರ ಹಾಗೇ ಉಳಿಯಿತು. ಮೊದಲೂ ತಟ್ಟೆಯ ಮುಕ್ಕಾಲು ಭಾಗ ಧಾನ್ಯ, ಈಗಲೂ ಮುಕ್ಕಾಲು ಭಾಗ ಧಾನ್ಯ. ಶುಗರ್ ಇಳಿಯದೇ ಇದ್ದದ್ದು ಇದಕ್ಕೇ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಐಸಿಎಂಆರ್‌ನದೇ ಇನ್ನೊಂದು ವರದಿ 2025ರಲ್ಲಿ ಬಂತು. ದೇಶದ 18 ಸಾವಿರಕ್ಕೂ ಹೆಚ್ಚು ಜನರ ಊಟದ ಲೆಕ್ಕ ಅದರಲ್ಲಿದೆ. ನಮಗೆ ಸಿಗುವ ಶಕ್ತಿಯಲ್ಲಿ ಸುಮಾರು ಶೇಕಡಾ 62 ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತಿದೆ. ಪ್ರೋಟೀನ್ ಪಾಲು ಸುಮಾರು 12. ಬಿಳಿ ಅಕ್ಕಿ ಬಿಟ್ಟು ಅಷ್ಟೇ ಪ್ರಮಾಣದಲ್ಲಿ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಿಂದರೆ ಅಪಾಯ ಕಡಿಮೆಯಾಗುವ ಲಕ್ಷಣ ಅಲ್ಲಿ ಕಾಣಲಿಲ್ಲ. ಒಟ್ಟು ಧಾನ್ಯವನ್ನೇ ಸ್ವಲ್ಪ ಕಡಿಮೆ ಮಾಡಿ ಆ ಜಾಗಕ್ಕೆ ಬೇಳೆಕಾಳು, ಹಾಲು, ಮೊಟ್ಟೆಯಂಥ ಪ್ರೋಟೀನ್ ಬಂದಾಗ ಕಂಡಿತು.

ಹಾಗಂತ ಸಿರಿಧಾನ್ಯ ಕೆಟ್ಟದ್ದು ಅಂತ ಅರ್ಥ ಮಾಡಿಕೊಳ್ಳಬೇಡಿ. ನವಣೆ, ಸಾಮೆ, ಊದಲು, ಕೊರಲೆ ಎಲ್ಲ ಒಳ್ಳೆಯ ಧಾನ್ಯಗಳೇ. ಪಾಲಿಶ್ ಆಗದೇ ಇದ್ದರೆ ನಾರು ಜಾಸ್ತಿ. ಆದರೆ ಅವು ಧಾನ್ಯ, ಔಷಧಿ ಅಲ್ಲ. 100 ಗ್ರಾಂ ಸಿರಿಧಾನ್ಯದಲ್ಲೂ 60ರಿಂದ 70 ಗ್ರಾಂ ಪಿಷ್ಟ ಇದ್ದೇ ಇರುತ್ತದೆ. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಸಾಮೆ ಸಿಗುತ್ತದಲ್ಲ, ಅದರ ತವುಡು ಆಗಲೇ ಹೋಗಿರುತ್ತದೆ. ಅದನ್ನು ರವೆ ಮಾಡಿ, ದೋಸೆ ಹಿಟ್ಟಿಗೆ ನುಣ್ಣಗೆ ರುಬ್ಬಿ, ಮೂರು ದೋಸೆ ತಿಂದರೆ ಅಕ್ಕಿ ದೋಸೆಗೂ ಅದಕ್ಕೂ ದೊಡ್ಡ ವ್ಯತ್ಯಾಸ ಉಳಿಯಲ್ಲ. ನಿಮಗೆ ಇಷ್ಟ ಇದ್ದರೆ, ಕೈಗೆ ಎಟುಕಿದರೆ ತಿನ್ನಿ. ಸಾಲ ಮಾಡಿ ತಿನ್ನುವಂಥದ್ದು ಅದರಲ್ಲಿ ಏನೂ ಇಲ್ಲ.

ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ಅರ್ಧ ಬಹಳ ಮುಖ್ಯ. ನಮ್ಮ ಸೀಮೆಯ ಊಟದ ಮಟ್ಟಿಗೆ ಮುದ್ದೆ, ಸೊಪ್ಪಿನ ಸಾರು, ಕಾಳಿನ ಸಾರಿಗಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಬೇರೆ ಯಾವ ಧಾನ್ಯವೂ ಅದರ ಹತ್ತಿರ ಬರಲ್ಲ. ನಾರು ಅಕ್ಕಿಗಿಂತ ಹಲವು ಪಟ್ಟು.

ಉಳಿದ ಅರ್ಧವನ್ನು ಅವರಿಗೆ ಮೆಲ್ಲಗೆ ಹೇಳಿ. ಅವರು ಸೊಸೆಯಾಗಿ ಬಂದಾಗ ಆ ಮುದ್ದೆಯ ಹಿಂದೆ ಕೆಲಸ ಇತ್ತು. ನೀರು ಸೇದುವುದು, ನಾಟಿ, ಕಳೆ, ಹೊರೆ ಹುಲ್ಲು, ರಾಗಿ ಬೀಸುವುದು. ಅವರ ಮಗ ಹೋಗುವುದು ಸ್ಕೂಟರಿನಲ್ಲಿ, ಕೂರುವುದು ಫ್ಯಾನ್ ಕೆಳಗೆ. ಮುದ್ದೆಯ ಗಾತ್ರ ಮಾತ್ರ ಅಪ್ಪನದೇ. 100 ಗ್ರಾಂ ಹಿಟ್ಟಿನ ಮುದ್ದೆ ಅಂದರೆ 320 ಕ್ಯಾಲೊರಿಗಿಂತ ಕಡಿಮೆ ಅಲ್ಲ. ಅದಾದ ಮೇಲೆ "ಮಜ್ಜಿಗೆಗೆ ಒಂಚೂರು" ಅಂತ ಅನ್ನ. ಆ ಒಂಚೂರು ಒಂದು ಬಟ್ಟಲಾದರೆ ಇನ್ನೂ 40 ಗ್ರಾಂ ಪಿಷ್ಟ. ಶುಗರ್ ಇರುವವರಿಗೆ ರಾಗಿ ಎಷ್ಟು ತಿಂದರೂ ಏನೂ ಆಗಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಸುಳ್ಳು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ಗೊತ್ತಾಗುವ ಮೊದಲೇ ಎರಡನೆಯದು ತಟ್ಟೆಗೆ ಬಿದ್ದಿರುತ್ತದೆ. ನುಣ್ಣನೆ ಹಿಟ್ಟಿನ ಗಂಜಿ, ಹುರಿಹಿಟ್ಟು ಶುಗರನ್ನು ಇನ್ನೂ ಬೇಗ ಏರಿಸುತ್ತವೆ.

ಇನ್ನೊಂದು ವಿಷಯ. ಹಿಂದಿನವರು ಗಟ್ಟಿಯಾಗಿದ್ದರು ಅನ್ನುವಾಗ ನಾವು ನೋಡುವುದು ಉಳಿದವರನ್ನು ಮಾತ್ರ. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ದೇಶದ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಈಗ 70ರ ಆಸುಪಾಸು. ಎಳೆ ಮಕ್ಕಳ ಸಾವು ಆಗ ಬಹಳ ಇತ್ತು, ಸರಾಸರಿ ಅಷ್ಟು ಕೆಳಗಿರುವುದಕ್ಕೆ ಅದು ದೊಡ್ಡ ಕಾರಣ, ನಿಜ. ಆದರೂ ಹಳೆಯ ಕಾಲದ ಊಟವನ್ನು ಹಾಗೇ ಎತ್ತಿ ತಂದರೆ ಹಳೆಯ ಕಾಲದ ಆರೋಗ್ಯ ಬರುತ್ತದೆ ಅನ್ನುವ ಲೆಕ್ಕ ಸರಿಯಲ್ಲ.

ಹಾಗಾದರೆ ಎಷ್ಟು ತಿನ್ನಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಆಹಾರದ ಮಾರ್ಗಸೂಚಿ ಪ್ರಕಟಿಸಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅದು ಹೇಳುವ ಲೆಕ್ಕ ಇದು: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು ಸೇರಿ 300 ಮಿಲಿ, ಕಡಲೆಕಾಯಿ ಎಳ್ಳಿನಂಥ ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ಧಾನ್ಯ, ಬೇಳೆಯದು ಬೇಯಿಸುವ ಮೊದಲಿನ ತೂಕ. ಮಾಂಸ, ಮೊಟ್ಟೆ ತಿನ್ನುವವರು ಬೇಳೆಯ ಒಂದು ಪಾಲಿನ ಬದಲು ಅದನ್ನು ತಿನ್ನಬಹುದು.

ಅಡುಗೆಮನೆಯಲ್ಲಿ ತಕ್ಕಡಿ ಹಿಡಿದು ಕೂರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ದಿನಸಿ ಚೀಟಿ ತೆಗೆಯಿರಿ ಅನ್ನುತ್ತೇನೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೇಲಿನ ಲೆಕ್ಕದ ಪ್ರಕಾರ ಎಲ್ಲ ಧಾನ್ಯ ಸೇರಿ 30 ಕೆಜಿ, ಬೇಳೆಕಾಳು 10 ಕೆಜಿ, ಬೀಜಗಳು 4 ಕೆಜಿ, ಎಣ್ಣೆ ಮೂರೂವರೆ ಲೀಟರ್. ನನ್ನ ಹತ್ತಿರ ಬರುವ ಬಹಳಷ್ಟು ಮನೆಗಳಲ್ಲಿ ಬೇಳೆಕಾಳು ಮೂರು ನಾಲ್ಕು ಕೆಜಿಗೇ ನಿಂತಿರುತ್ತದೆ, ಎಣ್ಣೆ ಐದು ಲೀಟರ್ ದಾಟಿರುತ್ತದೆ. ನಿಮ್ಮ ಚೀಟಿಯಲ್ಲಿ ಎಷ್ಟಿದೆ ನೋಡಿ. ಮುಂದಿನ ತಿಂಗಳು ಸಿರಿಧಾನ್ಯಕ್ಕೆ ಹಾಕುವ ದುಡ್ಡಿನಲ್ಲಿ ಒಂದು ಭಾಗವನ್ನು ಹುರುಳಿ, ಅಲಸಂದೆ, ಹೆಸರುಕಾಳು, ಕಡಲೆಕಾಳಿಗೆ ಹಾಕಿ. ಅವರೆ ಕಾಲದಲ್ಲಿ ಅವರೆಕಾಯಿ ಹೇಗೂ ಬರುತ್ತದೆ.

ಇದು ಮುದ್ದೆ ಉಣ್ಣುವ ಹಾಸನ, ಅರಸೀಕೆರೆ, ಕಡೂರು ಕಡೆಗೆ ಮಾತ್ರ ಅಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಅಲ್ಲಿ ಸಮಸ್ಯೆ ಇನ್ನೂ ಎದ್ದು ಕಾಣುತ್ತದೆ. ಅಕ್ಕಿರೊಟ್ಟಿ ಬಿಡಬೇಕಿಲ್ಲ. ಮೂರರ ಜಾಗದಲ್ಲಿ ಒಂದೂವರೆ ತಿಂದು, ಜೊತೆಗೆ ಚಟ್ನಿ ಮಾತ್ರ ಅಲ್ಲದೆ ಕಾಳಿನ ಪಲ್ಯವೋ ಮೊಟ್ಟೆಯೋ ಇದ್ದರೆ ಸಾಕು.

ನಿಮ್ಮ ಮನೆಗೆ ನಾನು ಹೇಳುವ ಊಟ ಹೀಗೆ. ರಾತ್ರಿ ಮುದ್ದೆ ಇರಲಿ, ಕಿತ್ತಳೆ ಹಣ್ಣಿನ ಗಾತ್ರದ್ದು ಒಂದೇ ಒಂದು. ಆ ಹೊತ್ತಿಗೆ ಅನ್ನ ಬೇಡ. ಬಸ್ಸಾರು ಮಾಡುತ್ತೀರಲ್ಲ, ಅಲ್ಲೇ ಒಂದು ಗುಟ್ಟಿದೆ. ಸೊಪ್ಪು ಕಾಳು ಬೇಯಿಸಿ, ಕಟ್ಟು ಬಸಿದು ಸಾರು ಮಾಡುತ್ತೇವೆ. ಬಸಿದ ಮೇಲೆ ಉಳಿದದ್ದು ಪಲ್ಯ. ಪ್ರೋಟೀನ್, ನಾರು ಇರುವುದು ಹೆಚ್ಚಾಗಿ ಆ ಪಲ್ಯದಲ್ಲಿ. ಗಂಡಸರು ಸಾರು ಹೊಯ್ಕೊಂಡು ಎರಡು ಮುದ್ದೆ ನುಂಗುತ್ತಾರೆ, ಪಲ್ಯ ನೆಂಚಿಕೊಳ್ಳುವುದಕ್ಕೆ ಒಂದು ಚಮಚ. ಇದನ್ನು ತಿರುಗಿಸಿ. ಮೊದಲು ಒಂದು ಬಟ್ಟಲು ಪಲ್ಯ, ಹಸಿ ಸೌತೆಕಾಯಿ, ಆಮೇಲೆ ಮುದ್ದೆ. ತರಕಾರಿ, ಪ್ರೋಟೀನ್ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರ ಶುಗರ್ ಏರುವುದು ಕಡಿಮೆಯಾಗುತ್ತದೆ ಅಂತ ಅಧ್ಯಯನಗಳಲ್ಲೂ ಕಂಡಿದೆ. ಹೊಸ ಸಾಮಾನು ತರಬೇಕಿಲ್ಲ, ಖರ್ಚಿಲ್ಲ. ಬೇಳೆ ಸಾರು ಮಾಡುವ ದಿನ ಬೇಳೆ ತಳದಲ್ಲಿ, ನೀರು ಮೇಲೆ ಅನ್ನುವ ಹಾಗೆ ಮಾಡಬೇಡಿ. ಗಟ್ಟಿಯಾಗಿರಲಿ.

ಮಧ್ಯಾಹ್ನದ ಡಬ್ಬಿಗೆ ಅನ್ನ ಹಾಕಿ, ಪರವಾಗಿಲ್ಲ. ಅರ್ಧ ಡಬ್ಬಿ ಮಾತ್ರ. ಉಳಿದ ಅರ್ಧ ಗಟ್ಟಿ ಹುಳಿ ಅಥವಾ ಕೂಟು, ಇನ್ನೊಂದು ಡಬ್ಬಿಯಲ್ಲಿ ಮೊಸರು. ಹಾಸನದವರಿಗೆ ಒಂದು ಕಿವಿಮಾತು: ಆಲೂಗಡ್ಡೆ ಪಲ್ಯ ಈ 400 ಗ್ರಾಂ ತರಕಾರಿಯ ಲೆಕ್ಕಕ್ಕೆ ಬರಲ್ಲ. ನಮ್ಮ ಜಿಲ್ಲೆಯ ಬೆಳೆ ಅನ್ನುವ ಪ್ರೀತಿ ನನಗೂ ಇದೆ. ಆದರೆ ತಟ್ಟೆಯಲ್ಲಿ ಅದು ಅನ್ನದ ಪಕ್ಕದ ಮನೆಯದ್ದು.

ಎಣ್ಣೆಯ ವಿಷಯದಲ್ಲಿ ಮಾತ್ರ ನೀವು ಮಾಡಿದ ಬದಲಾವಣೆಯನ್ನು ಇವತ್ತೇ ನಿಲ್ಲಿಸಿ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಶೇಕಡಾ 90 ಸ್ಯಾಚುರೇಟೆಡ್ ಕೊಬ್ಬು. ಗಾಣದಲ್ಲಿ ತೆಗೆದರೂ ಅಷ್ಟೇ, ಕಾರ್ಖಾನೆಯಲ್ಲಿ ತೆಗೆದರೂ ಅಷ್ಟೇ. ಅದು ಎಲ್‌ಡಿಎಲ್ ಏರಿಸುತ್ತದೆ. 142 ಇದ್ದದ್ದು 155 ಆಗಿದ್ದಕ್ಕೆ ನನ್ನ ಮೊದಲ ಅನುಮಾನ ಅದರ ಮೇಲೆ. ಸಾರಿಗೆ, ಪಲ್ಯಕ್ಕೆ ಕಾಯಿ ಬೇರೆ ಹಾಕುತ್ತೀರಿ. ಕಾಯಿ ತುರಿ ಹಿತಮಿತವಾಗಿ ಇರಲಿ. ಅಡುಗೆಗೆ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ, ಎಳ್ಳೆಣ್ಣೆ ಇವನ್ನು ಬದಲಾಯಿಸುತ್ತಾ ಬಳಸಿ. ನಮ್ಮ ಕಡೆ ಹುಚ್ಚೆಳ್ಳು ಬೆಳೆಯುತ್ತಿದ್ದರು. ಅದರ ಚಟ್ನಿಪುಡಿ ಸಿಕ್ಕರೆ ಬಿಡಬೇಡಿ.

ರಿಫೈನ್ಡ್ ಎಣ್ಣೆ ವಿಷ ಅನ್ನುವ ಮಾತು ಉತ್ಪ್ರೇಕ್ಷೆ. ಗಾಣದ ಎಣ್ಣೆಗೆ ಪರಿಮಳ ಜಾಸ್ತಿ, ಅದರದೇ ಕೆಲವು ಒಳ್ಳೆಯ ಅಂಶಗಳು ಉಳಿದಿರುತ್ತವೆ. ಕ್ಯಾಲೊರಿ ಎರಡರಲ್ಲೂ ಒಂದೇ. ನಾನು ಹೆದರುವುದು ಬೋಂಡಾ ಬಾಣಲೆಯಲ್ಲಿ ಬೆಳಿಗ್ಗೆಯಿಂದ ಕುದಿಯುತ್ತಿರುವ ಕಪ್ಪು ಎಣ್ಣೆಗೆ. ಮನೆಯಲ್ಲೂ ಹಬ್ಬದಲ್ಲಿ ಕರಿದ ಎಣ್ಣೆಯನ್ನು ವಾರಗಟ್ಟಲೆ ಇಟ್ಟುಕೊಳ್ಳಬೇಡಿ.

ಉಪ್ಪು. ಇದರಲ್ಲಿ ಸುಮ್ನೆ ರಾಜಿ ಮಾಡಿಕೊಳ್ಳುವ ಹಾಗಿಲ್ಲ. ಸೈಂಧವ ಲವಣವೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ಬಿಪಿಗೆ ಅದರಿಂದ ಲಾಭ ಇಲ್ಲ. ಆದರೆ ನಷ್ಟ ಇದೆ, ಅದರಲ್ಲಿ ಅಯೋಡಿನ್ ಸೇರಿಸಿರುವುದಿಲ್ಲ. ಧೋ ಅಂತ ಮಳೆ ಸುರಿಯುವ ಗುಡ್ಡಗಾಡಿನ ಮಣ್ಣಿನಿಂದ ಅಯೋಡಿನ್ ತೊಳೆದುಹೋಗಿರುತ್ತದೆ. ಅಲ್ಲಿ ಬೆಳೆದ ತರಕಾರಿಯಲ್ಲೂ ಅದು ಕಡಿಮೆ. ಗಳಗಂಡ ಇಂಥ ಜಾಗಗಳ ಹಳೆಯ ಕಾಯಿಲೆ. ಮನೆಯಲ್ಲಿ ಹದಿಹರೆಯದ ಮಗಳಿದ್ದಾಳೆ. ಮುಂದೆ ಅವಳು ಬಸುರಿಯಾದಾಗ ಮಗುವಿನ ಮಿದುಳು ಬೆಳೆಯುವುದಕ್ಕೂ ಅಯೋಡಿನ್ ಬೇಕು. ಅಯೋಡಿನ್ ಇರುವ ಉಪ್ಪನ್ನೇ ತನ್ನಿ, ಪ್ರಮಾಣ ಕಡಿಮೆ ಮಾಡಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಸಪಾಟಾದ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಇದರೊಳಗೇ. ಕಡಿಮೆ ಸೋಡಿಯಂ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಅದು ಅಪಾಯ. ಅತ್ತೆಯವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಬೆಲ್ಲವೂ ಸಕ್ಕರೆಯೇ. ಸ್ವಲ್ಪ ಕಬ್ಬಿಣ, ಖನಿಜ ಇದೆ ನಿಜ, ಆದರೆ ಅದರಿಂದ ಲಾಭ ಆಗುವಷ್ಟು ಬೆಲ್ಲ ತಿಂದರೆ ಶುಗರ್ ಎಲ್ಲಿಗೋ ಹೋಗಿರುತ್ತದೆ. ಸಕ್ಕರೆ, ಬೆಲ್ಲ, ಜೇನುತುಪ್ಪ ಎಲ್ಲ ಸೇರಿ ದಿನಕ್ಕೆ 20–25 ಗ್ರಾಂ ಮೀರದಿರಲಿ. ಯಜಮಾನರಿಗೆ ಇನ್ನೂ ಕಡಿಮೆ. ಕಾಫಿ ಬಿಡಬೇಕಾ ಅಂತ ನೀವು ಕೇಳಿಲ್ಲ, ಕಾಫಿ ಸೀಮೆಯಲ್ಲಿ ಯಾರೂ ಕೇಳಲ್ಲ! ಕುಡಿಯಿರಿ. ಎರಡು ಮೂರು ಲೋಟದಿಂದ ತೊಂದರೆ ಇಲ್ಲ, ತೊಂದರೆ ಅದರೊಳಗಿನ ಎರಡೆರಡು ಚಮಚ ಸಕ್ಕರೆಯಿಂದ. ವಾರಕ್ಕೆ ಅರ್ಧ ಚಮಚದ ಹಾಗೆ ಇಳಿಸುತ್ತಾ ಬನ್ನಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ಊಟದ ಜೊತೆಗೆ, ಊಟ ಆದ ತಕ್ಷಣ ಕಾಫಿ ಟೀ ಬೇಡ. ಊಟದಲ್ಲಿರುವ ಕಬ್ಬಿಣ ಮೈಗೆ ಹಿಡಿಯುವುದಕ್ಕೆ ಅದು ಬಿಡುವುದಿಲ್ಲ. ಕಷಾಯದಿಂದ ನಿಮ್ಮವರಿಗೆ ಹಾನಿ ಆಗಿರಲಿಕ್ಕಿಲ್ಲ, ಲಾಭವೂ ಕಂಡಿಲ್ಲ. ಬಿಟ್ಟರೆ ಬೆಳಿಗ್ಗೆ ಅರ್ಧ ಗಂಟೆ ಉಳಿಯುತ್ತದೆ, ನಡೆಯಬಹುದು.

ಈಗ ಮಗಳು. ನಿಜ ಹೇಳಬೇಕು ಅಂದರೆ ನಿಮ್ಮ ಮನೆಯಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ ಸಂಖ್ಯೆ ಯಜಮಾನರ 6.1 ಅಲ್ಲ, ಅವಳ 9.8. ಹುಡುಗಿಯರಿಗೆ 12ಕ್ಕಿಂತ ಕಡಿಮೆ ಅಂದರೆ ರಕ್ತಹೀನತೆ. ಓದಿನಲ್ಲಿ ಗಮನ ನಿಲ್ಲಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. 9.8 ಇರುವಾಗ ಬರೀ ಬೀಟ್ರೂಟ್ ರಸ, ಖರ್ಜೂರದಿಂದ ಸರಿಹೋಗುತ್ತದೆ ಅಂತ ಕಾಯಬೇಡಿ. ಡಾಕ್ಟರ ಹತ್ತಿರ ತೋರಿಸಿ, ಕಾರಣ ಏನು ಅಂತ ನೋಡಲಿ. ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿಯಾ, ಜಂತುಹುಳುವಾ, ಬಿ12 ಕಡಿಮೆಯಾ? ಕಬ್ಬಿಣದ ಮಾತ್ರೆ ಕೊಟ್ಟರೆ ಅವರು ಹೇಳಿದಷ್ಟು ತಿಂಗಳು ಪೂರ್ತಿ ತಗೊಳ್ಳಲಿ. ಜೊತೆಗೆ ನುಗ್ಗೆಸೊಪ್ಪು, ದಂಟು, ಹುರುಳಿ, ಮೊಟ್ಟೆ, ನೀವು ತಿನ್ನುವವರಾದರೆ ಮಾಂಸ. ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ. ಊಟಕ್ಕೆ ನೆಲ್ಲಿಕಾಯಿ, ಸೀಬೆಹಣ್ಣು ಜೊತೆಯಾಗಲಿ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಮೈಗೆ ಹಿಡಿಯುತ್ತದೆ.

ಅವಳು ಹೊರಗೆ ತಿನ್ನುವುದರಲ್ಲಿ ನಿಮ್ಮದೂ ಪಾಲಿದೆ, ಬೇಜಾರು ಮಾಡಿಕೊಳ್ಳಬೇಡಿ. ಅಪ್ಪನ ರಿಪೋರ್ಟಿಗೆ ಹದಿನೇಳರ ಹುಡುಗಿ ಮೂರು ಹೊತ್ತೂ ಹಾರಕದ ಅನ್ನ ಯಾಕೆ ತಿನ್ನಬೇಕು? ಅವಳಿಗೆ ಬೇಕಾದಷ್ಟು ಅನ್ನ, ದೋಸೆ ಮಾಡಿಕೊಡಿ. ಸಂಜೆ ಕಾಲೇಜಿನಿಂದ ಬಂದಾಗ ಹಸಿವಿಗೆ ಏನಾದರೂ ತಯಾರಿರಲಿ. ಬೇಯಿಸಿದ ಕಡಲೆಕಾಯಿ, ಕಾಳಿನ ಉಸಲಿ, ಮೊಟ್ಟೆ ಆಮ್ಲೆಟ್, ಏನಾದರೂ ಸರಿ. ಪಪ್ಸು, ಬನ್ನು, ಬೆಣ್ಣೆ ಬಿಸ್ಕತ್ತನ್ನು ಪೂರ್ತಿ ಬೇಡ ಅನ್ನಲು ನನಗೆ ಬಾಯಿ ಬರಲ್ಲ. ಊರೂರಲ್ಲಿ ಕಾಣುವ ಅಯ್ಯಂಗಾರ್ ಬೇಕರಿಗಳ ಬೇರು ಇರುವುದೇ ನಮ್ಮ ಹಾಸನದಲ್ಲಿ. ವಾರಕ್ಕೊಮ್ಮೆ ತಿನ್ನಲಿ. ನಾನು ಹೆಚ್ಚು ಹೆದರುವುದು ಪ್ಯಾಕೆಟ್ಟಿನಲ್ಲಿ ಬರುವ ಚಿಪ್ಸು, ಕ್ರೀಮ್ ಬಿಸ್ಕತ್ತು, ಬಣ್ಣದ ಪಾನೀಯಗಳಿಗೆ. 2019ರಲ್ಲಿ ಅಮೆರಿಕದ ಸಂಶೋಧಕರು 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಎರಡು ವಾರ ಕಾರ್ಖಾನೆ ತಿಂಡಿ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಕಾರ್ಖಾನೆ ತಿಂಡಿಯ ವಾರಗಳಲ್ಲಿ ಅವರು ತಮಗೇ ಗೊತ್ತಿಲ್ಲದೆ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತೂಕ ಹತ್ತಿರ ಹತ್ತಿರ ಒಂದು ಕೆಜಿ ಏರಿತು. ಇದಕ್ಕೆ ಬಾಯಿಚಪಲ ಅಂತ ಮಕ್ಕಳನ್ನು ಬೈದು ಪ್ರಯೋಜನ ಇಲ್ಲ. ಮನೆಗೆ ತರದೇ ಇರುವುದೇ ಸುಲಭದ ದಾರಿ.

ಹಾಲು ಯಾಕೆ ಬಿಟ್ಟಿರಿ ಅಂತ ನನಗೆ ಅರ್ಥವಾಗಲಿಲ್ಲ. ಕುಡಿದರೆ ಹೊಟ್ಟೆ ಕೆಡದವರು ಬಿಡಬೇಕಿಲ್ಲ, ಮೊಸರು ಮಜ್ಜಿಗೆ ಇನ್ನೂ ಒಳ್ಳೆಯದು. ಬಿ12 ಗಿಡಮೂಲದ ಆಹಾರದಲ್ಲಿ ಸಿಗಲ್ಲ. ಅತ್ತೆಯವರ ಮಾತ್ರೆಗಳಲ್ಲಿ ಒಂದು ಮೆಟ್‌ಫಾರ್ಮಿನ್ ಆಗಿರುವ ಸಾಧ್ಯತೆ ಇದೆ. ಅದನ್ನು ವರ್ಷಗಟ್ಟಲೆ ತಗೊಂಡರೆ ಬಿ12 ಇನ್ನೂ ಕಡಿಮೆಯಾಗುತ್ತದೆ. ಕಾಲು ಜೋಮು, ಮರೆವು ಇದ್ದರೆ ವಯಸ್ಸಾಯಿತು ಅಂತ ಬಿಡದೆ ಪರೀಕ್ಷೆ ಮಾಡಿಸಿ. ಮೊಟ್ಟೆ ದಿನಕ್ಕೊಂದು ತಿಂದರೆ ಹೆಚ್ಚಿನವರಿಗೆ ಏನೂ ಆಗಲ್ಲ. ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿ ಹೃದಯಕ್ಕೆ ಬಹಳ ಒಳ್ಳೆಯದು. ಸಾರು ಮಾಡಿ, ಕರಿಯಬೇಡಿ. ಭಾನುವಾರದ ಮಟನ್ ತಿಂಗಳಿಗೆ ಎರಡು ಸಲ ಆದರೆ ಸಾಕು.

ಯಜಮಾನರ ಮುಂದೆ ಇರುವ ದಾರಿಗಳು ಏನು? ಮೇಲೆ ಹೇಳಿದ ಹಾಗೆ ಧಾನ್ಯವನ್ನು ಮೂರನೇ ಒಂದು ಭಾಗ ಇಳಿಸಿ, ಕಾಳು ತರಕಾರಿ ಏರಿಸಿ, ದಿನಾ ನಡೆಯುವುದು ಒಂದು. ನಿಧಾನ, ಆದರೆ ವರ್ಷಗಳ ಕಾಲ ನಡೆಸಬಹುದು. ನನ್ನ ಓಟು ಇದಕ್ಕೆ. ಇನ್ನೊಂದು, ಅನ್ನ ಮುದ್ದೆ ಪೂರ್ತಿ ನಿಲ್ಲಿಸಿ ಬರೀ ಮಾಂಸ, ಪನೀರ್, ತುಪ್ಪ ತಿನ್ನುವ ಕೀಟೋ ಥರದ್ದು. ಶುಗರ್, ತೂಕ ಬೇಗ ಇಳಿಯುತ್ತದೆ, ಸುಳ್ಳಲ್ಲ. ಆದರೆ ಕೆಲವರಿಗೆ ಎಲ್‌ಡಿಎಲ್ ವಿಪರೀತ ಏರುತ್ತದೆ. 155 ಇರುವವರಿಗೆ ನಾನು ಹೇಳಲ್ಲ. ಮದುವೆ, ತಿಥಿ, ಜಾತ್ರೆ ಇರುವ ನಮ್ಮ ಬದುಕಿನಲ್ಲಿ ಅದನ್ನು ಆರು ತಿಂಗಳು ದಾಟಿಸಿದವರು ಕಡಿಮೆ. ಮೂರನೆಯದು, ರಾತ್ರಿ ಏಳಕ್ಕೆ ಊಟ ಮುಗಿಸಿ ಬೆಳಿಗ್ಗೆ ಒಂಬತ್ತರವರೆಗೆ ಏನೂ ತಿನ್ನದೇ ಇರುವುದು. ಅವರಿಗೆ ಒಗ್ಗಿದರೆ ಮಾಡಲಿ. ಅತ್ತೆಯವರಿಗೆ ಮಾತ್ರ ಖಂಡಿತ ಬೇಡ. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ, ದಿಢೀರನೆ ಧಾನ್ಯ ಕಡಿಮೆ ಮಾಡಿದರೂ, ಶುಗರ್ ಕುಸಿದು ತಲೆಸುತ್ತಿ ಬೀಳಬಹುದು. ಅವರ ಊಟ ಬದಲಾಯಿಸುವ ಮೊದಲು ಮಾತ್ರೆಯ ಪ್ರಮಾಣದ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.

ನೀವು ಬರೆಯದೇ ಇದ್ದ ಎರಡು ವಿಷಯ ಕೇಳುತ್ತೇನೆ. ಅವರು ಸಿಗರೇಟು ಸೇದುತ್ತಾರಾ? ಕುಡಿಯುತ್ತಾರಾ? ಟ್ರೈಗ್ಲಿಸರೈಡ್ 210 ಇರುವುದಕ್ಕೆ ಅನ್ನ ಸಕ್ಕರೆಯಷ್ಟೇ ಮದ್ಯವೂ ಕಾರಣ ಆಗಬಹುದು. ಸಿಗರೇಟು ಇದ್ದರೆ ಮೇಲಿನ ಊಟದ ಪಾಠವೆಲ್ಲ ಆಮೇಲೆ, ಮೊದಲು ಅದು ನಿಲ್ಲಬೇಕು. ಅವರ ಅಪ್ಪನಿಗೋ ಅಣ್ಣತಮ್ಮಂದಿರಿಗೋ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಇದ್ದಿದ್ದರೆ ಡಾಕ್ಟರಿಗೆ ಹೇಳಿ. ಆಗ ಎಲ್‌ಡಿಎಲ್‌ಗೆ ಮಾತ್ರೆ ಬೇಕು ಅಂತ ಅವರು ಹೇಳಿದರೆ, ಊಟದಲ್ಲೇ ಸರಿಮಾಡ್ತೀವಿ ಅಂತ ಹಟ ಹಿಡಿಯಬೇಡಿ. ಎದೆ ಹಿಂಡಿದ ಹಾಗೆ, ಎಡಗೈಗೋ ದವಡೆಗೋ ನೋವು ಹರಿದ ಹಾಗೆ, ಸುಮ್ಮನೆ ಬೆವರು ಬಂದ ಹಾಗೆ ಆದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗುವವರು ನಮ್ಮಲ್ಲಿ ಬಹಳ. ಹಾಗೆ ಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ ತಕ್ಷಣ ಇಸಿಜಿ ಮಾಡಿಸಿ.

ಎಚ್‌ಬಿಎ1ಸಿ ಅನ್ನುವುದು ಸುಮಾರು ಮೂರು ತಿಂಗಳ ಸರಾಸರಿ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಮೂರು ತಿಂಗಳಾದ ಮೇಲೆ ಅದನ್ನೂ ಕೊಲೆಸ್ಟ್ರಾಲನ್ನೂ ಒಟ್ಟಿಗೆ ನೋಡಿ. ಅಲ್ಲಿಯವರೆಗೆ ಮನೆಯಲ್ಲಿ ಒಂದು ಟೇಪು ಸಾಕು. ಹೊಕ್ಕುಳಿನ ಮಟ್ಟದಲ್ಲಿ ಸುತ್ತಳತೆ ತಗೊಳ್ಳಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು. ನಿಮ್ಮದನ್ನೂ ಅಳೆದು ಬರೆದಿಡಿ. ಪತ್ರದಲ್ಲಿ ಎಲ್ಲರ ರಿಪೋರ್ಟ್ ಇತ್ತು, ನಿಮ್ಮದು ಇರಲಿಲ್ಲ. ಮುಂದಿನ ಸಲ ಯಜಮಾನರ ಜೊತೆ ಲ್ಯಾಬಿಗೆ ಹೋದಾಗ ನೀವೂ ರಕ್ತ ಕೊಟ್ಟು ಬನ್ನಿ.